ಪಕ್ಕದ ಬೀದಿಯ ಪೆಟ್ ಕ್ಲಿನಿಕ್: ಏನೇನು ಸಿಗುತ್ತದೆ, ಹೇಗೆ ಬಳಸಿಕೊಳ್ಳಬೇಕು

ಬೆಂಗಳೂರಿನ ಯಾವ ಬಡಾವಣೆಗೆ ಹೋದರೂ ಈಗ ಒಂದು ಪೆಟ್ ಕ್ಲಿನಿಕ್ ಕಣ್ಣಿಗೆ ಬೀಳುತ್ತದೆ. ಒಂದು ಕಡೆ ಬೇಕರಿ, ಇನ್ನೊಂದು ಕಡೆ ಜೆರಾಕ್ಸ್ ಅಂಗಡಿ, ನಡುವಿನ ಸಣ್ಣ ಮಳಿಗೆಯಲ್ಲಿ ಒಂದು ಸ್ಟೀಲ್ ಮೇಜು, ಫ್ರಿಜ್ಜು, ಗೋಡೆ ಮೇಲೆ ನಾಯಿ ತಳಿಗಳ ಚಿತ್ರಪಟ. ನಮ್ಮಲ್ಲಿ ಬಹಳ ಜನಕ್ಕೆ ಅದು ವರ್ಷಕ್ಕೊಂದು ಇಂಜೆಕ್ಷನ್ ಹಾಕಿಸುವ ಜಾಗ, ಅಷ್ಟೇ. ಉಳಿದ ದಿನಗಳಲ್ಲಿ ಗೂಗಲ್ಲು, ವಾಟ್ಸಾಪ್ ಗುಂಪು, ಅಪಾರ್ಟ್‌ಮೆಂಟಿನಲ್ಲಿ ಹತ್ತಾರು ವರ್ಷ ನಾಯಿ ಸಾಕಿದವರ ಸಲಹೆ. ನಾಯಿ ಊಟ ಬಿಟ್ಟು ಮೂರು ದಿನವಾದ ಮೇಲೆ, ಅದೂ ಭಾನುವಾರ ರಾತ್ರಿ, ಡಾಕ್ಟರ ನೆನಪಾಗುತ್ತದೆ.

ಆ ಸಣ್ಣ ಮಳಿಗೆಯಲ್ಲಿ ಎಷ್ಟೆಲ್ಲ ಕೆಲಸ ಆಗುತ್ತದೆ, ಯಾವುದು ಅಲ್ಲಿ ಆಗುವುದಿಲ್ಲ, ನಾವು ಏನು ತಯಾರಿ ಮಾಡಿಕೊಂಡು ಹೋಗಬೇಕು ಎಂಬುದನ್ನು ಇಲ್ಲಿ ಬರೆದಿದ್ದೇನೆ. ಹೊಸದಾಗಿ ನಾಯಿಯನ್ನೋ ಬೆಕ್ಕನ್ನೋ ಮನೆಗೆ ತಂದವರಿಗೆ ಇದು ಹೆಚ್ಚು ಉಪಯೋಗ. ಆದರೆ ಹಳಬರೂ ಒಮ್ಮೆ ಓದಿ. ಲಸಿಕೆ ಕಾರ್ಡು ಎಲ್ಲಿದೆ ಎಂದು ಕೇಳಿದರೆ ಬೀರು ತಡಕಾಡುವವರಲ್ಲಿ ಹಳಬರೇ ಜಾಸ್ತಿ.

ಕ್ಲಿನಿಕ್ ಆರಿಸಿಕೊಳ್ಳುವುದು

ಹತ್ತಿರದ್ದನ್ನೇ ಆರಿಸಿ. ಇಂದಿರಾನಗರದಲ್ಲಿ ಯಾರೋ ಬಹಳ ಒಳ್ಳೆಯ ಡಾಕ್ಟರಿದ್ದಾರೆ ಎಂದು ಕತ್ರಿಗುಪ್ಪೆಯಿಂದ ಹೊರಟರೆ ಒಂದು ಸಲ ಹೋಗಿಬರಬಹುದು. ಆದರೆ ಡ್ರಿಪ್ಸ್ ಹಾಕಿಸಲು ಐದು ದಿನ ಬೆಳಗ್ಗೆ ಸಂಜೆ ಓಡಾಡಬೇಕಾಗಿ ಬಂದಾಗ ದೂರದ ಬೆಲೆ ಗೊತ್ತಾಗುತ್ತದೆ. ನಮಗಿಂತ ಪ್ರಾಣಿಗೇ ಕಷ್ಟ. ಜ್ವರದ ನಾಯಿ ಸಿಲ್ಕ್ ಬೋರ್ಡ್ ಸಿಗ್ನಲ್ಲಿನಲ್ಲಿ ಮುಕ್ಕಾಲು ಗಂಟೆ ಆಟೋದೊಳಗೆ ಏದುಸಿರು ಬಿಡುತ್ತಾ ಕೂರಬೇಕಾಗುತ್ತದೆ.

ಹತ್ತಿರದಲ್ಲೇ ಎರಡು ಮೂರು ಇದ್ದರೆ ನಾಯಿಯನ್ನು ಮನೆಯಲ್ಲಿ ಬಿಟ್ಟು ನೀವೊಬ್ಬರೇ ಹೋಗಿ ನೋಡಿ ಬನ್ನಿ. ಡಾಕ್ಟರ ಬೋರ್ಡಿನಲ್ಲೋ ಚೀಟಿಯಲ್ಲೋ ಬಿವಿಎಸ್ಸಿ ಮತ್ತು ಎಎಚ್ ಪದವಿ, ಪಶುವೈದ್ಯ ಪರಿಷತ್ತಿನ ನೋಂದಣಿ ಸಂಖ್ಯೆ ಇರಬೇಕು. 1984ರ ಭಾರತೀಯ ಪಶುವೈದ್ಯಕೀಯ ಪರಿಷತ್ ಕಾಯ್ದೆಯ ಪ್ರಕಾರ ಪಶುವೈದ್ಯ ವೃತ್ತಿ ನಡೆಸಲು ಆ ನೋಂದಣಿ ಬೇಕೇ ಬೇಕು. ಹೆಸರಿನ ಮುಂದೆ ಎಂವಿಎಸ್ಸಿ (ಸ್ನಾತಕೋತ್ತರ ಪದವಿ) ಎಂದಿದ್ದರೆ ಯಾವ ವಿಷಯದಲ್ಲಿ ಎಂದು ಕೇಳುವುದರಲ್ಲಿ ತಪ್ಪಿಲ್ಲ. ಶಸ್ತ್ರಚಿಕಿತ್ಸೆಯಲ್ಲಿ ಓದಿದವರು, ಔಷಧ ವಿಭಾಗದಲ್ಲಿ ಓದಿದವರು ಬೇರೆ ಬೇರೆ ಇರುತ್ತಾರೆ. ನಾಯಿಮರಿ ಮಾರುವ ಅಂಗಡಿಯ ಹುಡುಗನೇ ‘ನಾನೇ ಹಾಕ್ತೀನಿ ಬಿಡಿ ಸಾರ್, ಅರ್ಧ ದುಡ್ಡಿಗೆ’ ಎಂದು ಸಿರಿಂಜ್ ಎತ್ತಿದರೆ ಅಲ್ಲಿಂದ ಎದ್ದು ಬನ್ನಿ.

ಕೇಳಿ ತಿಳಿದುಕೊಳ್ಳಬೇಕಾದ್ದು ಇನ್ನೂ ಕೆಲವಿವೆ. ಮಧ್ಯಾಹ್ನ ಎಷ್ಟು ಹೊತ್ತು ಬಾಗಿಲು ಹಾಕಿರುತ್ತಾರೆ? ಡಾಕ್ಟರು ರಜೆಯಲ್ಲಿದ್ದರೆ ಯಾರು ನೋಡುತ್ತಾರೆ? ಲಸಿಕೆ ಇಟ್ಟ ಫ್ರಿಜ್ಜಿಗೆ ಕರೆಂಟು ಹೋದಾಗ ಯುಪಿಎಸ್ ಇದೆಯೇ? (ಬೆಸ್ಕಾಂ ಕೃಪೆಯಿಂದ ಇದು ಅಗತ್ಯದ ಪ್ರಶ್ನೆ. ಲಸಿಕೆಗಳನ್ನು 2ರಿಂದ 8 ಡಿಗ್ರಿ ಸೆಲ್ಸಿಯಸ್ ಒಳಗೇ ಇಟ್ಟಿರಬೇಕು.) ರಾತ್ರಿ ತೊಂದರೆಯಾದರೆ ಫೋನ್ ಎತ್ತುತ್ತಾರೆಯೇ, ಇಲ್ಲದಿದ್ದರೆ ಯಾವ ಆಸ್ಪತ್ರೆಗೆ ಹೋಗಲು ಹೇಳುತ್ತಾರೆ? ಕೊನೆಯ ಪ್ರಶ್ನೆಗೆ ಕೂಡಲೇ ಉತ್ತರ ಕೊಡುವ ಡಾಕ್ಟರ ಮೇಲೆ ನನಗೆ ನಂಬಿಕೆ ಜಾಸ್ತಿ. ತನ್ನ ಕ್ಲಿನಿಕ್ಕಿನಲ್ಲಿ ಯಾವುದು ಆಗುವುದಿಲ್ಲ ಎಂದು ಅವರು ಮೊದಲೇ ಯೋಚಿಸಿಟ್ಟಿರುತ್ತಾರೆ.

ಮೊದಲ ಭೇಟಿ

ಪ್ರಾಣಿ ಚೆನ್ನಾಗಿರುವಾಗಲೇ ಮೊದಲ ಸಲ ಕರೆದುಕೊಂಡು ಹೋಗಿ. ಮನೆಗೆ ತಂದ ವಾರದೊಳಗೆ ಹೋದರೆ ಒಳ್ಳೆಯದು. ಆ ದಿನ ಡಾಕ್ಟರು ತೂಕ ನೋಡುತ್ತಾರೆ, ಎದೆ ಬಡಿತ ಕೇಳುತ್ತಾರೆ, ಕಿವಿ, ಹಲ್ಲು, ಚರ್ಮ, ಹೊಕ್ಕುಳು ನೋಡುತ್ತಾರೆ, ಎಲ್ಲವನ್ನೂ ಬರೆದುಕೊಳ್ಳುತ್ತಾರೆ. ಮುಂದೆ ಕಾಯಿಲೆ ಬಂದಾಗ ಹೋಲಿಸಿ ನೋಡಲು ಸಿಗುವುದು ಇದೇ. 22 ಕೆಜಿ ಇದ್ದ ನಾಯಿ 18ಕ್ಕೆ ಇಳಿದಿದೆ ಎಂಬುದು ಮನೆಯವರ ಕಣ್ಣಿಗೆ ಕಾಣುವುದಿಲ್ಲ, ಕಾರ್ಡಿನಲ್ಲಿ ಕಾಣುತ್ತದೆ. ಔಷಧದ ಪ್ರಮಾಣ ಲೆಕ್ಕ ಹಾಕುವುದೂ ತೂಕದ ಮೇಲೆಯೇ. ಆದ್ದರಿಂದ ಪ್ರತಿ ಸಲ ಹೋದಾಗಲೂ ತೂಕ ಬರೆಸಿಕೊಳ್ಳಿ.

ಒಯ್ಯುವಾಗ ಸ್ವಲ್ಪ ಎಚ್ಚರ ಬೇಕು. ಲಸಿಕೆ ಮುಗಿಯದ ಮರಿಯನ್ನು ಕ್ಲಿನಿಕ್ಕಿನ ನೆಲದ ಮೇಲೆ ಬಿಡಬೇಡಿ, ತೊಡೆಯ ಮೇಲೇ ಇಟ್ಟುಕೊಳ್ಳಿ. ಪಾರ್ವೋ (ವಾಂತಿ, ರಕ್ತಭೇದಿ ತರುವ ಅಂಟುರೋಗ) ಬಂದ ಮರಿಗಳು ಬರುವುದೂ ಅದೇ ಜಾಗಕ್ಕೆ, ಆ ವೈರಸ್ಸು ನೆಲದಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ. ಬೆಕ್ಕನ್ನು ತರಕಾರಿ ಚೀಲದಲ್ಲೋ ಸೀರೆಯ ಸೆರಗಿನಲ್ಲೋ ಸುತ್ತಿ ತರಬೇಡಿ. ಬೀದಿ ಬದಿಯಲ್ಲಿ ಒಂದು ಸ್ಕೂಟರ್ ಹಾರ್ನ್ ಹೊಡೆದರೆ ಬೆಕ್ಕು ಕೈಬಿಟ್ಟು ಹೋಗುತ್ತದೆ, ಮತ್ತೆ ಸಿಗುವುದು ಕಷ್ಟ. ಮುಚ್ಚಳವಿರುವ ಬುಟ್ಟಿ ಅಥವಾ ಕ್ಯಾರಿಯರ್ ಕೊಂಡು ವಾರ ಮೊದಲೇ ಮನೆಯಲ್ಲಿ ತೆರೆದಿಟ್ಟಿರಿ, ಒಳಗೆ ಅದರದೇ ಹಳೆಯ ಬಟ್ಟೆ ಹಾಸಿರಲಿ; ತಾನಾಗಿಯೇ ಹೋಗಿ ಮಲಗಲು ಶುರು ಮಾಡುತ್ತದೆ. ದೊಡ್ಡ ನಾಯಿಗೆ ಗಟ್ಟಿ ಬೆಲ್ಟು, ಜೊತೆಗೆ ಬಾಯಿಕುಕ್ಕೆ. ‘ನಮ್ಮ ಬ್ರೂನೋ ಯಾರಿಗೂ ಕಚ್ಚಲ್ಲ’ ಎನ್ನುವ ಮಾತನ್ನು ಡಾಕ್ಟರು ದಿನಕ್ಕೆ ಹತ್ತು ಸಲ ಕೇಳಿರುತ್ತಾರೆ. ನೋವಾದಾಗ ಯಾವ ನಾಯಿಯೂ ಕಚ್ಚಬಹುದು.

ಲಸಿಕೆ

ನಾಯಿಮರಿಗೆ ಆರರಿಂದ ಎಂಟು ವಾರದ ವಯಸ್ಸಿನಲ್ಲಿ ಲಸಿಕೆ ಶುರುವಾಗುತ್ತದೆ. ಡಿಸ್ಟೆಂಪರ್, ಪಾರ್ವೋ, ಹೆಪಟೈಟಿಸ್, ಲೆಪ್ಟೋಸ್ಪೈರೋಸಿಸ್ ಮುಂತಾದವಕ್ಕೆಲ್ಲ ಸೇರಿಸಿ ಒಂದೇ ಚುಚ್ಚುಮದ್ದು ಇರುತ್ತದೆ. ಕ್ಲಿನಿಕ್ಕುಗಳಲ್ಲಿ ಅದನ್ನು ‘ಸೆವೆನ್ ಇನ್ ಒನ್’, ‘ನೈನ್ ಇನ್ ಒನ್’ ಎಂದು ಕರೆಯುವುದುಂಟು. ಮೂರು ನಾಲ್ಕು ವಾರಕ್ಕೊಮ್ಮೆ ಹಾಕುತ್ತಾ ಮರಿಗೆ 16 ವಾರ ತುಂಬುವವರೆಗೆ ಮುಂದುವರಿಸಬೇಕು. ಒಂದೇ ಇಂಜೆಕ್ಷನ್ನಿಗೆ ಮುಗಿಸಬಾರದೇ ಎಂದು ಕೇಳುವವರಿದ್ದಾರೆ. ತಾಯಿಯ ಮೊದಲ ಹಾಲಿನಿಂದ ಮರಿಗೆ ಬಂದ ರಕ್ಷಣೆ ಲಸಿಕೆಯನ್ನೂ ಕೆಲಸ ಮಾಡಲು ಬಿಡುವುದಿಲ್ಲ. ಆ ರಕ್ಷಣೆ ಒಂದೊಂದು ಮರಿಯಲ್ಲಿ ಒಂದೊಂದು ವಾರಕ್ಕೆ ಇಳಿಯುತ್ತದೆ. ಯಾವ ವಾರ ಎಂದು ಹೊರಗಿನಿಂದ ತಿಳಿಯದ ಕಾರಣ ಮತ್ತೆ ಮತ್ತೆ ಹಾಕುತ್ತಾರೆ. ಕಾರ್ಡಿನಲ್ಲಿ ಬರೆದ ದಿನಾಂಕ ತಪ್ಪಿಸಿದರೆ ಮರಿಗೆ ತಾಯಿಯ ರಕ್ಷಣೆಯೂ ಇಲ್ಲದ, ಲಸಿಕೆಯ ಬಲವೂ ಬಾರದ ಒಂದು ಖಾಲಿ ಅವಧಿ ಉಳಿದುಬಿಡುತ್ತದೆ. ಪಾರ್ವೋ ಹೊಕ್ಕುವುದು ಹೆಚ್ಚಾಗಿ ಅಲ್ಲೇ.

ಕೊನೆಯ ಡೋಸ್ ಆಗಿ ಒಂದೆರಡು ವಾರ ಕಳೆಯುವವರೆಗೆ ಮರಿಯನ್ನು ಪಾರ್ಕಿನಲ್ಲಿ, ರಸ್ತೆ ಬದಿಯಲ್ಲಿ ಇಳಿಸಬೇಡಿ. ಹಾಗೆಂದು ಮನೆಯೊಳಗೇ ಕೂಡಿಹಾಕಿದರೆ ಅದು ಮುಂದೆ ಎಲ್ಲದಕ್ಕೂ ಹೆದರುವ ನಾಯಿಯಾಗುತ್ತದೆ. ಎತ್ತಿಕೊಂಡು ಬಾಲ್ಕನಿಯಲ್ಲಿ ನಿಲ್ಲಿ, ಮೆಟ್ಟಿಲ ಮೇಲೆ ಕೂರಿಸಿ ಬಸ್ಸು, ಸೊಪ್ಪಿನ ಗಾಡಿ, ಸೈಕಲ್ಲುಗಳನ್ನು ತೋರಿಸಿ.

ರೇಬಿಸ್ ಲಸಿಕೆ ಮೂರು ತಿಂಗಳ ವಯಸ್ಸಿಗೆ. ಆಮೇಲೆ ಡಾಕ್ಟರು ಹೇಳಿದಂತೆ ಒಂದು ಬೂಸ್ಟರ್, ನಂತರ ನಮ್ಮಲ್ಲಿ ಪ್ರತಿ ವರ್ಷ ಹಾಕಿಸುವುದು ವಾಡಿಕೆ. ಇದರಲ್ಲಿ ಮಾತ್ರ ಚೌಕಾಸಿ ಬೇಡ. ರೋಗದ ಲಕ್ಷಣ ಕಾಣಿಸಿಕೊಂಡ ಮೇಲೆ ನಾಯಿಯನ್ನೂ ಉಳಿಸಲಾಗದು, ಮನುಷ್ಯರೂ ಉಳಿಯುವುದಿಲ್ಲವೆಂದೇ ಹೇಳಬೇಕು. ಬೆಕ್ಕಿಗೂ ರೇಬಿಸ್ ಬರುತ್ತದೆ. ಮನೆಯೊಳಗೇ ಇರುವ ಬೆಕ್ಕು ಎಂದರೂ ಬಾಗಿಲು ಒಮ್ಮೆ ತೆರೆದಿರುತ್ತದೆ. ಹಾಗಾಗಿ ಅದಕ್ಕೂ ಹಾಕಿಸಿ. ಬೆಕ್ಕಿಗೆ ಇದರ ಜೊತೆ ‘ತ್ರೀ ಇನ್ ಒನ್’ ಎಂಬ ಬೇರೆ ಲಸಿಕೆಯಿದೆ. ನಾಯಿಯ ನೈನ್ ಇನ್ ಒನ್ ಬೆಕ್ಕಿಗೆ ಆಗುವುದಿಲ್ಲ.

ಲಸಿಕೆ ಹಾಕಿದ ಮೇಲೆ ಸೀಸೆಯ ಮೇಲಿನ ಚಿಕ್ಕ ಸ್ಟಿಕ್ಕರನ್ನು ಕಾರ್ಡಿಗೆ ಅಂಟಿಸಿಕೊಳ್ಳಬೇಕು. ಬ್ಯಾಚ್ ಸಂಖ್ಯೆ, ಅವಧಿ ಮುಗಿಯುವ ದಿನಾಂಕ ಅದರಲ್ಲಿರುತ್ತದೆ. ಪಕ್ಕದಲ್ಲಿ ಡಾಕ್ಟರ ಸಹಿ, ಸೀಲು. ಮರಿ ಕೊಂಡಾಗ ಬ್ರೀಡರ್ ಕೊಟ್ಟ ಕಾರ್ಡಿನಲ್ಲಿ ಸ್ಟಿಕ್ಕರ್ ಇಲ್ಲದೆ ಬರೀ ಟಿಕ್ ಗುರುತು ಹಾಕಿದ್ದರೆ ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ. ಡಾಕ್ಟರಿಗೆ ತೋರಿಸಿ, ಬೇಕಾದರೆ ಮೊದಲಿನಿಂದ ಶುರು ಮಾಡುತ್ತಾರೆ. ಪಾಲಿಕೆಯಿಂದ ನಾಯಿಗೆ ಪರವಾನಗಿ ಮಾಡಿಸಲೂ ಈ ದಾಖಲೆಯೇ ಆಧಾರ. ಹಿಂದೆ ಬಿಬಿಎಂಪಿ ಒಂದೇ ಇತ್ತು, 2025ರ ಸೆಪ್ಟೆಂಬರಿನಿಂದ ಐದು ಪಾಲಿಕೆಗಳಾಗಿವೆ. ನಿಮ್ಮ ವಾರ್ಡು ಯಾವುದಕ್ಕೆ ಸೇರಿದೆ ಎಂದು ನೋಡಿಕೊಳ್ಳಿ.

ಚುಚ್ಚಿದ ಮೇಲೆ ಅರ್ಧ ಗಂಟೆ ಕ್ಲಿನಿಕ್ಕಿನ ಆಸುಪಾಸಿನಲ್ಲೇ ಇರಿ. ಮುಖ ಊದಿಕೊಂಡರೆ, ಪದೇ ಪದೇ ವಾಂತಿಯಾದರೆ ಒಳಗೆ ಕರೆದುಕೊಂಡು ಹೋಗಿ. ಒಂದು ದಿನ ಮಂಕಾಗಿ ಮಲಗುವುದು ಸಹಜ.

ದುಡ್ಡಿನ ತೊಂದರೆ ಇರುವವರು ಸರ್ಕಾರಿ ಪಶು ಆಸ್ಪತ್ರೆಗೆ ಹೋಗಬಹುದು. ಸೆಪ್ಟೆಂಬರ್ 28ರ ವಿಶ್ವ ರೇಬಿಸ್ ದಿನದ ಆಸುಪಾಸಿನಲ್ಲಿ ಉಚಿತ ಲಸಿಕೆ ಶಿಬಿರಗಳು ನಡೆಯುತ್ತವೆ. ಬೀದಿಯಲ್ಲಿ ನೀವು ಊಟ ಹಾಕುವ ನಾಯಿ ಇದ್ದರೆ ಅದನ್ನೂ ಕರೆದೊಯ್ಯಿರಿ.

ಹುಳು, ಉಣ್ಣಿ, ಚಿಗಟ

ಹೊಟ್ಟೆಹುಳದ ಔಷಧ ಮರಿಗಳಿಗೆ ಎರಡು ವಾರದ ವಯಸ್ಸಿನಿಂದಲೇ ಬೇಕು. ಮೊದಮೊದಲು ಹದಿನೈದು ದಿನಕ್ಕೊಮ್ಮೆ, ನಂತರ ಆರು ತಿಂಗಳವರೆಗೆ ತಿಂಗಳಿಗೊಮ್ಮೆ, ಆಮೇಲೆ ಮೂರು ತಿಂಗಳಿಗೊಮ್ಮೆ. ಇದು ಕ್ಲಿನಿಕ್ಕಿನಲ್ಲಿ ಸಿಗುವ ಅತ್ಯಂತ ಅಗ್ಗದ ಸೇವೆ, ಅತಿ ಹೆಚ್ಚು ಮರೆತುಹೋಗುವುದೂ ಇದೇ.

ಉಣ್ಣಿಯ ವಿಷಯ ಹಾಗಲ್ಲ. ಬೆಂಗಳೂರಿನ ಹವೆ ನಮಗೆ ಹಿತವಾದಷ್ಟೇ ಉಣ್ಣಿಗೂ ಹಿತ. ಕೊರೆಯುವ ಚಳಿ ಇಲ್ಲ, ವರ್ಷವಿಡೀ ಅದರ ಸಂತಾನ ನಡೆಯುತ್ತದೆ. ಟಿಕ್ ಫೀವರ್ ಎಂದು ಡಾಕ್ಟರು ಹೇಳುವುದು ಈ ಉಣ್ಣಿ ರಕ್ತ ಹೀರುವಾಗ ಬಿಡುವ ಎರ್ಲಿಕಿಯಾ, ಬೆಬೀಸಿಯಾ ಮುಂತಾದ ರೋಗಾಣುಗಳಿಂದ ಬರುವ ಜ್ವರ. ಊಟ ಬಿಡುವುದು, ಒಸಡು ಬಿಳಿಚಿಕೊಳ್ಳುವುದು, ಮೂಗಿನಿಂದ ರಕ್ತ, ಹೊಟ್ಟೆಯ ಚರ್ಮದಲ್ಲಿ ಕೆಂಪು ಚುಕ್ಕೆ, ಕಾಫಿ ಬಣ್ಣದ ಮೂತ್ರ. ಇವುಗಳಲ್ಲಿ ಯಾವುದು ಕಂಡರೂ ಅದೇ ದಿನ ಹೋಗಿ. ಕ್ಲಿನಿಕ್ಕಿನಲ್ಲಿ ರಕ್ತ ತೆಗೆದು ಪ್ಲೇಟ್‌ಲೆಟ್ ಎಷ್ಟಿದೆ ಎಂದು ನೋಡುತ್ತಾರೆ, ಗಾಜಿನ ಮೇಲೆ ರಕ್ತ ಹರಡಿ ಸೂಕ್ಷ್ಮದರ್ಶಕದಲ್ಲಿ ಹುಡುಕುತ್ತಾರೆ. ಎರ್ಲಿಕಿಯಾ ಎಂದಾದರೆ ಡಾಕ್ಸಿಸೈಕ್ಲಿನ್ ಸಾಮಾನ್ಯವಾಗಿ ನಾಲ್ಕು ವಾರ ಕೊಡಬೇಕು. ಮೂರನೇ ದಿನಕ್ಕೇ ನಾಯಿ ಲವಲವಿಕೆಯಿಂದ ಓಡಾಡುತ್ತದೆ, ಆಗ ಮಾತ್ರೆ ನಿಲ್ಲಿಸುವವರೇ ಬಹಳ. ಕೋರ್ಸ್ ಪೂರ್ತಿ ಮುಗಿಸಿ, ಮತ್ತೆ ರಕ್ತ ಪರೀಕ್ಷೆ ಮಾಡಿಸಿ.

ನಾಯಿಗೆ ಮಾತ್ರ ಔಷಧ ಹಾಕಿದರೆ ಸಾಲದು. ಉಣ್ಣಿ ಮೊಟ್ಟೆಯಿಡುವುದು ಗೋಡೆಯ ಬಿರುಕಿನಲ್ಲಿ, ಕಾಂಪೌಂಡಿನ ಕಲ್ಲುಸಂದಿಯಲ್ಲಿ, ಸೋಫಾದ ಅಡಿಯಲ್ಲಿ. ಅಲ್ಲಿಗೆ ಏನು ಸಿಂಪಡಿಸಬೇಕು, ಎಷ್ಟು ನೀರು ಬೆರೆಸಬೇಕು ಎಂದು ಡಾಕ್ಟರನ್ನೇ ಕೇಳಿ ಬರೆಸಿಕೊಳ್ಳಿ. ಒಣಗುವವರೆಗೆ ಪ್ರಾಣಿ, ಮಕ್ಕಳು ಅತ್ತ ಹೋಗದಿರಲಿ. ಮೈಗೆ ಕಚ್ಚಿಕೊಂಡ ಉಣ್ಣಿಗೆ ಸೀಮೆಎಣ್ಣೆ, ಬೆಂಕಿಕಡ್ಡಿ ಪ್ರಯೋಗ ಬೇಡ. ಚಿಮುಟದಿಂದ ಚರ್ಮಕ್ಕೆ ತಾಗುವಷ್ಟು ಬುಡದಲ್ಲಿ ಹಿಡಿದು ನೇರವಾಗಿ ಎಳೆಯಿರಿ.

ಬೆಕ್ಕು ಸಾಕಿದವರು ಒಂದು ವಿಷಯ ನೆನಪಿಡಬೇಕು. ನಾಯಿಯ ಕುತ್ತಿಗೆಗೆ ಹಾಕುವ ಕೆಲವು ಉಣ್ಣಿ ಔಷಧಗಳಲ್ಲಿ ಪರ್ಮೆಥ್ರಿನ್ ಇರುತ್ತದೆ. ಬೆಕ್ಕಿಗೆ ಅದು ವಿಷ, ನಡುಕ ಬಂದು ಸಾಯಬಹುದು. ಮನೆಯಲ್ಲಿ ಎರಡೂ ಇದ್ದರೆ ಔಷಧ ಕೊಳ್ಳುವ ಮುಂಚೆ ಹೇಳಿ.

ಹುಷಾರಿಲ್ಲದಾಗ ಡಾಕ್ಟರಿಗೆ ಏನು ಹೇಳಬೇಕು

ಪ್ರಾಣಿ ಮಾತಾಡುವುದಿಲ್ಲ ಎಂದು ಎಲ್ಲರೂ ಹೇಳುತ್ತಾರೆ. ಕ್ಲಿನಿಕ್ಕಿನ ಬೆಂಚಿನ ಮೇಲೆ ಕೂತು ಕೇಳಿದರೆ ಜೊತೆಗೆ ಬಂದವರೂ ಸರಿಯಾಗಿ ಮಾತಾಡುವುದಿಲ್ಲ ಎನಿಸುತ್ತದೆ. ‘ಡಲ್ ಆಗಿದೆ ಡಾಕ್ಟ್ರೇ’ ಎನ್ನುತ್ತಾರೆ, ಮುಂದೆ ಏನೂ ಇಲ್ಲ. ನಾಯಿಯನ್ನು ದಿನಾ ನೋಡಿಕೊಳ್ಳುವವರು ಅಜ್ಜಿ ಅಥವಾ ಮನೆಗೆಲಸದವರು, ಕ್ಲಿನಿಕ್ಕಿಗೆ ಬರುವವರು ಆಫೀಸಿನಿಂದ ಆಗಷ್ಟೇ ಬಂದ ಮಗ. ನೋಡಿಕೊಳ್ಳುವವರೇ ಬರಲಿ, ಆಗದಿದ್ದರೆ ಅವರ ಫೋನ್ ನಂಬರ್ ಕೈಯಲ್ಲಿರಲಿ.

ಹೊರಡುವ ಮುಂಚೆ ಒಂದು ಚೀಟಿಯಲ್ಲಿ ಬರೆದುಕೊಳ್ಳಿ: ಕೊನೆಗೆ ಪೂರ್ತಿ ಊಟ ಮಾಡಿದ್ದು ಯಾವಾಗ, ನೀರು ಹೆಚ್ಚು ಕುಡಿಯುತ್ತಿದೆಯೋ ಕಡಿಮೆಯೋ, ಮೂತ್ರ ಹೋಗಿದ್ದು ಯಾವಾಗ, ವಾಂತಿ ಎಷ್ಟು ಸಲ, ಯಾವ ಬಣ್ಣ, ಭೇದಿಯಲ್ಲಿ ರಕ್ತ ಇದೆಯೇ, ಹೆಣ್ಣಾದರೆ ಬೆದೆಗೆ ಬಂದದ್ದು ಯಾವಾಗ, ಮನೆಯಲ್ಲಿ ಯಾವ ಮಾತ್ರೆ ಕೊಟ್ಟಿದ್ದೀರಿ. ಕುಂಟುವುದು, ಕೆಮ್ಮುವುದು, ಫಿಟ್ಸ್ ಬರುವುದು ಇವನ್ನು ಫೋನಿನಲ್ಲಿ ವಿಡಿಯೋ ಮಾಡಿಕೊಳ್ಳಿ. ಮೂರು ದಿನದಿಂದ ಕುಂಟಿದ ನಾಯಿ ಕ್ಲಿನಿಕ್ಕಿನ ಬಾಗಿಲಿಗೆ ಬಂದೊಡನೆ ಗಾಬರಿಗೆ ನೆಟ್ಟಗೆ ನಡೆದುಬಿಡುತ್ತದೆ. ಭೇದಿಯಾಗಿದ್ದರೆ ಅದನ್ನು ಸ್ವಲ್ಪ ಮುಚ್ಚಳದ ಡಬ್ಬಿಯಲ್ಲಿ ತೆಗೆದುಕೊಂಡು ಹೋಗಿ, ಹೇಸಿಗೆ ಪಟ್ಟುಕೊಳ್ಳಬೇಡಿ.

ಕೊಟ್ಟ ಮಾತ್ರೆಯ ವಿಷಯ ಮುಚ್ಚಿಡಬೇಡಿ. ನಮಗೆ ಜ್ವರ ಬಂದರೆ ಡೋಲೋ ನುಂಗಿ ಮಲಗುತ್ತೇವೆ. ಅದೇ ಪ್ಯಾರಾಸಿಟಮಾಲ್ ಅರ್ಧ ಮಾತ್ರೆ ಬೆಕ್ಕಿನ ಪ್ರಾಣ ತೆಗೆಯಬಹುದು. ಐಬುಪ್ರೊಫೆನ್ ನಾಯಿಯ ಹೊಟ್ಟೆಯಲ್ಲಿ ಹುಣ್ಣು ಮಾಡಿ ಮೂತ್ರಪಿಂಡ ಕೆಡಿಸುತ್ತದೆ. ನಾಯಿಯ ಸಹಜ ಮೈಬಿಸಿ 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್. ಬೆಕ್ಕಿನದೂ ಹೆಚ್ಚುಕಡಿಮೆ ಅಷ್ಟೇ. ನಮ್ಮ ಲೆಕ್ಕದ 98.4 ಇಟ್ಟುಕೊಂಡು ಜ್ವರ ಎಂದು ತೀರ್ಮಾನಿಸಬೇಡಿ.

ಊಟದ ಬಗ್ಗೆ ಕೇಳಿದರೆ ನಾಚಿಕೆಯಿಲ್ಲದೆ ಇದ್ದದ್ದು ಇದ್ದಂತೆ ಹೇಳಿ. ಮಾಂಸ ತಿನ್ನದ ಮನೆಗಳಲ್ಲಿ ನಾಯಿಗೆ ಮೊಸರನ್ನ, ಬೆಕ್ಕಿಗೆ ಹಾಲನ್ನ ಹಾಕುವುದು ಸಾಮಾನ್ಯ. ನಾಯಿಗೆ ಡಾಕ್ಟರ ಸಲಹೆಯಂತೆ ಬೇರೆ ಏನಾದರೂ ಸೇರಿಸಿ ಸರಿದೂಗಿಸಬಹುದು. ಬೆಕ್ಕಿಗೆ ಆಗುವುದಿಲ್ಲ. ಅದಕ್ಕೆ ಬೇಕಾದ ಟಾರಿನ್ ಎಂಬ ಅಂಶ ಮಾಂಸ, ಮೀನಿನಲ್ಲಿದೆ. ಕೊರತೆಯಾದರೆ ಕಣ್ಣು ಹೋಗುತ್ತದೆ, ಹೃದಯ ಸೋಲುತ್ತದೆ. ಅಡುಗೆಮನೆಯಲ್ಲಿ ಮೀನು ಬೇಯಿಸಲಾಗದ ಮನೆಯಾದರೆ ಬೆಕ್ಕಿನ ರೆಡಿ ಆಹಾರ ತಂದು ಹಾಕಿ. ಈರುಳ್ಳಿ, ದ್ರಾಕ್ಷಿ, ಒಣದ್ರಾಕ್ಷಿ, ಚಾಕೊಲೇಟ್ ನಾಯಿಗೆ ಬೇಡವೇ ಬೇಡ. ಹಬ್ಬದ ದಿನ ಪಾಯಸದ ಒಣದ್ರಾಕ್ಷಿ ನೆನಪಿರಲಿ.

ಪರೀಕ್ಷೆಗಳು, ದೊಡ್ಡಾಸ್ಪತ್ರೆ

ಬಡಾವಣೆಯ ಕ್ಲಿನಿಕ್ಕಿನಲ್ಲಿ ರಕ್ತ, ಮೂತ್ರ, ಮಲದ ಸಾಮಾನ್ಯ ಪರೀಕ್ಷೆ, ಪಾರ್ವೋ ಕಿಟ್, ಚರ್ಮ ಕೆರೆದು ನೋಡುವುದು, ಡ್ರಿಪ್ಸ್, ಗಾಯಕ್ಕೆ ಹೊಲಿಗೆ ಇಷ್ಟು ಆಗುತ್ತದೆ. ಕೆಲವರಲ್ಲಿ ಎಕ್ಸ್‌ರೇ, ಸ್ಕ್ಯಾನಿಂಗ್ ಇರುತ್ತದೆ. ಉಳಿದವರು ಬೇರೆ ಕಡೆಗೆ ಬರೆದುಕೊಡುತ್ತಾರೆ. ಕ್ವೀನ್ಸ್ ರಸ್ತೆಯಲ್ಲಿ ಸರ್ಕಾರಿ ಪಶು ಆಸ್ಪತ್ರೆಯಿದೆ. ಹೆಬ್ಬಾಳದಲ್ಲಿ 1958ರಲ್ಲಿ ಶುರುವಾದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆಯಿದೆ. ಹೆಬ್ಬಾಳಕ್ಕೆ ಹೋಗುವುದಾದರೆ ಬೆಳಗ್ಗೆ ಬೇಗ ಹೊರಡಿ, ಸಾಲು ದೊಡ್ಡದಿರುತ್ತದೆ. ವಿದ್ಯಾರ್ಥಿಗಳು ಸುತ್ತ ನಿಂತು ನಿಮ್ಮ ನಾಯಿಯನ್ನು ನೋಡುತ್ತಾರೆ, ಅದಕ್ಕೂ ಸಿದ್ಧವಾಗಿರಿ. ಹೃದಯ, ಮೂಳೆ, ಕಣ್ಣಿನ ಕಷ್ಟದ ಸಮಸ್ಯೆಗಳಿಗೆ ಅಲ್ಲಿ ಸಿಗುವ ಪರಿಣತಿ ಬೀದಿಯ ಕ್ಲಿನಿಕ್ಕಿನಲ್ಲಿ ಸಿಗುವುದಿಲ್ಲ.

ಪರೀಕ್ಷೆಗಳ ಉದ್ದ ಪಟ್ಟಿ ಕೊಟ್ಟರೆ ಒಂದೇ ಪ್ರಶ್ನೆ ಕೇಳಿ: ‘ಇದರ ರಿಪೋರ್ಟ್ ಬಂದ ಮೇಲೆ ಚಿಕಿತ್ಸೆಯಲ್ಲಿ ಏನು ಬದಲಾಗುತ್ತೆ ಡಾಕ್ಟ್ರೇ?’ ಒಳ್ಳೆಯ ಡಾಕ್ಟರು ವಿವರಿಸುತ್ತಾರೆ, ಅಥವಾ ‘ಇದನ್ನ ಆಮೇಲೆ ನೋಡಬಹುದು’ ಎಂದು ಒಂದೆರಡನ್ನು ಹೊಡೆದುಹಾಕುತ್ತಾರೆ. ಕೈಯಲ್ಲಿ ಎಷ್ಟು ದುಡ್ಡಿದೆ ಎಂಬುದನ್ನೂ ಮೊದಲೇ ಹೇಳಿ. ಬಿಲ್ ಬಂದ ಮೇಲೆ ಜಗಳ ಆಡುವುದಕ್ಕಿಂತ, ಇಷ್ಟರೊಳಗೆ ಏನು ಮಾಡಬಹುದು ಎಂದು ಕೇಳುವುದು ಇಬ್ಬರಿಗೂ ಸುಲಭ.

ಸಂತಾನಹರಣ ಆಪರೇಷನ್

ಒಂದು ಸಲ ಮರಿ ಹಾಕಿದರೇನೇ ಆರೋಗ್ಯ ಎಂಬ ಮಾತು ಇನ್ನೂ ಓಡಾಡುತ್ತಿದೆ. ಅದಕ್ಕೆ ಆಧಾರವಿಲ್ಲ. ಆಪರೇಷನ್ ಆಗದ ಹೆಣ್ಣುನಾಯಿಗೆ ವಯಸ್ಸಾದಂತೆ ಗರ್ಭಕೋಶದಲ್ಲಿ ಕೀವು ತುಂಬುವ ಪಯೋಮೆಟ್ರಾ ಬರುವ ಅಪಾಯವಿದೆ. ಬೆದೆ ಮುಗಿದು ಒಂದೆರಡು ತಿಂಗಳಲ್ಲಿ ನೀರು ವಿಪರೀತ ಕುಡಿಯುವುದು, ಊಟ ಬಿಡುವುದು, ಹಿಂದಿನಿಂದ ದುರ್ವಾಸನೆಯ ಸ್ರಾವ ಕಂಡರೆ ಅದೇ ಇರಬಹುದು. ಕೆಲವು ನಾಯಿಗಳಲ್ಲಿ ಸ್ರಾವ ಹೊರಗೇ ಬರುವುದಿಲ್ಲ, ಅದು ಇನ್ನೂ ಅಪಾಯ. ಆಗ ತುರ್ತಾಗಿ ಮಾಡುವ ಆಪರೇಷನ್ ಆರೋಗ್ಯವಾಗಿದ್ದಾಗ ಮಾಡುವುದಕ್ಕಿಂತ ಬಹಳ ಕಷ್ಟದ್ದು, ದುಬಾರಿ.

ಯಾವ ವಯಸ್ಸಿಗೆ ಎಂಬುದು ತಳಿಯ ಮೇಲಿದೆ. ಸಣ್ಣ ನಾಯಿ, ನಾಡತಳಿ, ಬೆಕ್ಕುಗಳಿಗೆ ಸುಮಾರು ಆರು ತಿಂಗಳು. ಲ್ಯಾಬ್ರಡಾರ್, ರಾಟ್‌ವೀಲರ್‌ನಂಥ ದೊಡ್ಡವಕ್ಕೆ ಮೂಳೆ ಬಲಿಯಲೆಂದು ಇನ್ನಷ್ಟು ತಿಂಗಳು ಕಾಯಲು ಹೇಳುತ್ತಾರೆ. ಮುಧೋಳ ನಾಯಿ ಸಾಕಿದವರು ಅರಿವಳಿಕೆಯ ಬಗ್ಗೆ ತಪ್ಪದೆ ಮಾತಾಡಿ. ಬೇಟೆನಾಯಿ ಜಾತಿಯ ಈ ತೆಳು ಮೈಯಲ್ಲಿ ಕೊಬ್ಬು ಕಡಿಮೆ; ಕೆಲವು ಅರಿವಳಿಕೆ ಔಷಧಗಳಿಂದ ಇಂಥ ನಾಯಿಗಳು ಎಚ್ಚರಗೊಳ್ಳಲು ಹೆಚ್ಚು ಹೊತ್ತು ಹಿಡಿಯುತ್ತದೆ.

ಹಿಂದಿನ ರಾತ್ರಿ ಲಘು ಊಟ, ಬೆಳಗ್ಗೆ ಏನೂ ಬೇಡ. ನೀರು ಎಷ್ಟು ಹೊತ್ತಿನವರೆಗೆ ಎಂದು ಕೇಳಿಕೊಳ್ಳಿ. ತೀರಾ ಚಿಕ್ಕ ಮರಿಗಳಿಗೆ ಉಪವಾಸದ ಅವಧಿ ಕಡಿಮೆ. ಆಪರೇಷನ್ನಿಗೆ ಮುಂಚೆ ರಕ್ತ ಪರೀಕ್ಷೆ ಮಾಡುತ್ತಾರೆಯೇ, ಎಚ್ಚರ ಬರುವವರೆಗೆ ಯಾರು ಜೊತೆಗಿರುತ್ತಾರೆ, ನೋವಿಗೆ ಏನು ಕೊಡುತ್ತಾರೆ ಎಂದು ತಿಳಿದುಕೊಂಡು ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿ. ಮನೆಗೆ ಬಂದ ಮೇಲೆ ಕುತ್ತಿಗೆಗೆ ಹಾಕುವ ಪ್ಲಾಸ್ಟಿಕ್ ಕೋನ್ ತೆಗೆಯಬೇಡಿ. ‘ಪಾಪ, ಅದಕ್ಕೆ ಕಿರಿಕಿರಿ ಆಗುತ್ತೆ’ ಎಂದು ಅಜ್ಜಿ ಬಿಚ್ಚಿಬಿಡುತ್ತಾರೆ, ಹತ್ತು ನಿಮಿಷದಲ್ಲಿ ಹೊಲಿಗೆ ಕಿತ್ತಿರುತ್ತದೆ. ಹೊಲಿಗೆ ಬಿಚ್ಚಲು ಹತ್ತರಿಂದ ಹದಿನಾಲ್ಕು ದಿನ.

ಕಾಯಬಾರದ ಹೊತ್ತು

ಕೆಳಗಿನವು ಕಂಡರೆ ಅಪಾಯಿಂಟ್‌ಮೆಂಟ್ ಕೇಳುತ್ತಾ ಕೂರಬೇಡಿ. ಫೋನ್ ಮಾಡಿ ‘ಹೊರಟಿದ್ದೀವಿ’ ಎಂದು ಹೇಳಿ ಹೊರಡಿ. ಕ್ಲಿನಿಕ್ ಮುಚ್ಚಿದ್ದರೆ ಮೊದಲೇ ಕೇಳಿಟ್ಟುಕೊಂಡ ರಾತ್ರಿ ಆಸ್ಪತ್ರೆಗೆ.

ಗಂಡುಬೆಕ್ಕು ಮತ್ತೆ ಮತ್ತೆ ಮಣ್ಣಿನ ತಟ್ಟೆಗೆ ಹೋಗಿ ತಿಣುಕಿದರೂ ಮೂತ್ರ ಬಾರದಿದ್ದರೆ ಮೂತ್ರನಾಳ ಕಟ್ಟಿರುತ್ತದೆ. ಮಲಬದ್ಧತೆ ಎಂದುಕೊಂಡು ಒಂದು ದಿನ ಸುಮ್ಮನಿದ್ದರೆ ಪ್ರಾಣಕ್ಕೇ ಬರುತ್ತದೆ. ದೊಡ್ಡ ನಾಯಿಯ ಹೊಟ್ಟೆ ಉಬ್ಬಿ, ವಾಂತಿಗೆ ಪ್ರಯತ್ನಿಸಿದರೂ ಏನೂ ಬಾರದಿದ್ದರೆ ಹೊಟ್ಟೆ ತಿರುಚಿಕೊಂಡಿರಬಹುದು. ಅಲ್ಲಿ ಗಂಟೆಗಳ ಲೆಕ್ಕ. ಮರಿಗೆ ರಕ್ತಭೇದಿ, ಉಸಿರಾಟದ ತೊಂದರೆ, ಒಸಡು ಬಿಳಿ ಅಥವಾ ನೀಲಿ, ಐದು ನಿಮಿಷ ಮೀರಿದ ಫಿಟ್ಸ್, ವಾಹನ ಗುದ್ದಿದ್ದು (ಹೊರಗೆ ಗಾಯವಿಲ್ಲದಿದ್ದರೂ) ಇವೆಲ್ಲ ಇದೇ ಸಾಲಿನವು. ಫಿಟ್ಸ್ ಬಂದಾಗ ಬಾಯಿಗೆ ಚಮಚ, ಕಾಲಿಗೆ ಬೀಗದ ಕೈ ಏನೂ ಬೇಡ. ಸುತ್ತಲಿನ ಕುರ್ಚಿ ಮೇಜು ಸರಿಸಿ, ಸಮಯ ನೋಡಿಕೊಳ್ಳಿ.

ಇಲಿಪಾಷಾಣ ತಿಂದರೆ ಅದರ ಪೊಟ್ಟಣವನ್ನೂ ತೆಗೆದುಕೊಂಡು ಹೋಗಿ. ಕೆಲವು ಬಗೆಯದು ರಕ್ತ ಹೆಪ್ಪುಗಟ್ಟದಂತೆ ಮಾಡುತ್ತದೆ, ಲಕ್ಷಣ ಕಾಣುವುದು ಎರಡು ಮೂರು ದಿನದ ನಂತರ. ‘ತಿಂದು ಒಂದು ದಿನ ಆಯ್ತು, ಚೆನ್ನಾಗೇ ಇದೆಯಲ್ಲ’ ಎಂದು ಬಿಡಬೇಡಿ. ಮೊದಲೇ ಹೋದರೆ ವಿಟಮಿನ್ ಕೆ ಕೊಟ್ಟು ಉಳಿಸಬಹುದು. ಉಪ್ಪುನೀರು ಕುಡಿಸಿ ವಾಂತಿ ಮಾಡಿಸುವ ಕೆಲಸಕ್ಕೆ ಹೋಗಬೇಡಿ.

ಏಪ್ರಿಲ್ ಬಿಸಿಲಲ್ಲಿ ಪಗ್, ಬುಲ್‌ಡಾಗ್‌ನಂಥ ಚಪ್ಪಟೆ ಮೂಗಿನ ನಾಯಿಗಳಿಗೆ ಬೇಗ ಶಾಖಾಘಾತವಾಗುತ್ತದೆ. ಮೈಗೆ ಸಾಧಾರಣ ತಣ್ಣೀರು ಹಾಕಿ ಫ್ಯಾನ್ ಕೆಳಗೆ ಇಟ್ಟು, ಹಾಗೆಯೇ ಒದ್ದೆ ಮೈಯಲ್ಲೇ ಕರೆದೊಯ್ಯಿರಿ. ಮಂಜುಗಡ್ಡೆ ಬೇಡ.

ಬೀದಿನಾಯಿ, ಕಚ್ಚಿದ ಗಾಯ, ಬಿದ್ದ ಹಕ್ಕಿ

ಬಡಾವಣೆಯ ಬಹಳಷ್ಟು ಡಾಕ್ಟರು ಬೀದಿನಾಯಿಗೆ ಕಡಿಮೆ ದುಡ್ಡಿಗೆ ನೋಡುತ್ತಾರೆ. ಆದರೆ ಹಿಡಿದು ತರುವ ಹೊಣೆ ನಿಮ್ಮದೇ. ಕಿವಿಯ ತುದಿಯಲ್ಲಿ ಕತ್ತರಿಸಿದ ಗುರುತಿದ್ದರೆ ಆ ನಾಯಿಗೆ ಸಂತಾನಹರಣ ಆಗಿದೆ ಎಂದರ್ಥ. ಇಲ್ಲದಿದ್ದರೆ ಪಾಲಿಕೆಯ ಸಹಾಯವಾಣಿ 1533ಕ್ಕೆ ತಿಳಿಸಬಹುದು. ಹಸು, ಎಮ್ಮೆಗಳಿಗಾದರೆ 1962ಕ್ಕೆ ಕರೆ ಮಾಡಿದರೆ ಪಶು ಸಂಜೀವಿನಿ ಗಾಡಿ ಬರುವ ವ್ಯವಸ್ಥೆಯಿದೆ. ಗಾಳಿಪಟದ ದಾರಕ್ಕೆ ಸಿಕ್ಕಿದ ಹದ್ದು, ಗಾಯವಾದ ಅಳಿಲು ಇಂಥವಕ್ಕೆ ಕೆಂಗೇರಿ ಕಡೆ ಪೀಪಲ್ ಫಾರ್ ಅನಿಮಲ್ಸ್ ಸಂಸ್ಥೆಯ ವನ್ಯಜೀವಿ ಆಸ್ಪತ್ರೆಯಿದೆ. ಹಕ್ಕಿಯನ್ನು ತೂತು ಮಾಡಿದ ರಟ್ಟಿನ ಡಬ್ಬಿಯಲ್ಲಿ ಕತ್ತಲಾಗಿ ಮುಚ್ಚಿಡಿ, ಬಾಯಿಗೆ ನೀರು ಸುರಿಯಬೇಡಿ.

ನಾಯಿ ನಿಮ್ಮನ್ನೇ ಕಚ್ಚಿದರೆ ಪಶು ಕ್ಲಿನಿಕ್ಕಿಗೆ ಓಡಬೇಡಿ, ಅಲ್ಲಿ ನಿಮಗೆ ಚಿಕಿತ್ಸೆಯಿಲ್ಲ. ಹರಿಯುವ ನೀರಲ್ಲಿ ಸೋಪು ಹಾಕಿ 15 ನಿಮಿಷ ಗಾಯ ತೊಳೆದು, ಅರಿಶಿನ, ಸುಣ್ಣ, ಖಾರದ ಪುಡಿ ಯಾವುದನ್ನೂ ಮೆತ್ತದೆ, ಅದೇ ದಿನ ಮನುಷ್ಯರ ಆಸ್ಪತ್ರೆಗೆ ಹೋಗಿ. ಸಾಕಿದ ನಾಯಿಯಾದರೂ, ಲಸಿಕೆಯಾದ ನಾಯಿಯಾದರೂ ಡಾಕ್ಟರಿಗೆ ತೋರಿಸಿಯೇ ತೀರ್ಮಾನಿಸಿ.

ಮುದಿ ಪ್ರಾಣಿ, ಕೊನೆಯ ದಿನ

ಏಳೆಂಟು ವರ್ಷ ದಾಟಿದ ಮೇಲೆ ವರ್ಷಕ್ಕೆರಡು ಸಲ ತಪಾಸಣೆ, ಒಮ್ಮೆ ರಕ್ತ ಪರೀಕ್ಷೆ ಇಟ್ಟುಕೊಳ್ಳಿ. ಗುಣವಾಗದ ನೋವು ಬಂದಾಗ ನಿದ್ದೆಯಲ್ಲೇ ಬೀಳ್ಕೊಡುವ ವಿಷಯವನ್ನು ಡಾಕ್ಟರ ಹತ್ತಿರ ಬಾಯಿಬಿಟ್ಟು ಕೇಳಿ. ಮೊದಲು ಮಂಪರು ಬರುವ ಇಂಜೆಕ್ಷನ್ ಕೊಟ್ಟು, ನಂತರ ಅರಿವಳಿಕೆಯ ಹೆಚ್ಚಿನ ಪ್ರಮಾಣ ಕೊಡುತ್ತಾರೆ. ಕೆಲವರು ಮನೆಗೇ ಬರುತ್ತಾರೆ. ಬಾಡಿಗೆ ಮನೆಯವರಿಗೆ, ಅಪಾರ್ಟ್‌ಮೆಂಟಿನವರಿಗೆ ಹೂಳಲು ಜಾಗವಿರುವುದಿಲ್ಲ. ಪ್ರಾಣಿಗಳ ಚಿತಾಗಾರ, ಹೂಳುವ ಜಾಗದ ನಂಬರನ್ನು ಕ್ಲಿನಿಕ್ಕಿನಲ್ಲೇ ಮೊದಲೇ ತೆಗೆದಿಟ್ಟುಕೊಂಡರೆ ಆ ದಿನ ಅಲೆದಾಟ ತಪ್ಪುತ್ತದೆ.

ಊರಿಗೆ ಹೋಗುವಾಗ

ದಸರಾ, ದೀಪಾವಳಿಗೆ ಊರಿಗೆ ಹೊರಡುವವರಿಗೆ ಕ್ಲಿನಿಕ್ಕಿನಿಂದ ಎರಡು ಬಗೆಯ ಸಹಾಯ ಸಿಗುತ್ತದೆ. ಜೊತೆಯಲ್ಲಿ ಒಯ್ಯುವುದಾದರೆ ರೈಲಿಗೋ ವಿಮಾನಕ್ಕೋ ಆರೋಗ್ಯ ಪ್ರಮಾಣಪತ್ರ ಬೇಕು. ಅದರ ಅವಧಿ ಚಿಕ್ಕದು, ಹೊರಡುವ ಒಂದೆರಡು ದಿನ ಮೊದಲು ಬರೆಸಿಕೊಳ್ಳಿ. ವಿದೇಶಕ್ಕಾದರೆ ತಿಂಗಳುಗಳ ತಯಾರಿ ಬೇಕು. ಯುರೋಪಿಗೆ ಮೊದಲು ಮೈಕ್ರೋಚಿಪ್ (ಚರ್ಮದಡಿ ಕೂರಿಸುವ ಗುರುತಿನ ಚಿಪ್), ಆಮೇಲೆ ರೇಬಿಸ್ ಲಸಿಕೆ, ಅದಾಗಿ ಕನಿಷ್ಠ 30 ದಿನಕ್ಕೆ ರಕ್ತದ ಮಾದರಿ, ಅಲ್ಲಿಂದ ಮೂರು ತಿಂಗಳು ಕಾಯಬೇಕು. ಈ ಕ್ರಮ ಹಿಂದುಮುಂದಾದರೆ ಮತ್ತೆ ಮೊದಲಿನಿಂದ.

ಬಿಟ್ಟು ಹೋಗುವುದಾದರೆ ಕೆಲವು ಕ್ಲಿನಿಕ್ಕುಗಳೇ ಬೋರ್ಡಿಂಗ್ ನಡೆಸುತ್ತವೆ. ಹೋಗಿ ಒಳಗಿನ ಗೂಡುಗಳನ್ನು ಕಣ್ಣಾರೆ ನೋಡಿ. ಕಾಯಿಲೆಯ ಪ್ರಾಣಿಗಳನ್ನು ಇರಿಸುವ ಕೋಣೆ ಬೇರೆ ಇದೆಯೇ ಎಂದು ಗಮನಿಸಿ, ಇಲ್ಲದಿದ್ದರೆ ಅಲ್ಲಿ ಬಿಡಬೇಡಿ. ಲಸಿಕೆ ಕಾರ್ಡು ಕೇಳದೆ ಒಳಗೆ ಬಿಟ್ಟುಕೊಳ್ಳುವ ಜಾಗವೂ ಬೇಡ, ಪಕ್ಕದ ಗೂಡಿನ ನಾಯಿಯನ್ನೂ ಹಾಗೇ ಬಿಟ್ಟುಕೊಂಡಿರುತ್ತಾರೆ. ಕೆನಲ್ ಕಾಫ್ (ನಾಯಿಯಿಂದ ನಾಯಿಗೆ ಹರಡುವ ಕೆಮ್ಮು) ಲಸಿಕೆ ಬೇಕೆಂದರೆ ಎರಡು ವಾರ ಮೊದಲೇ ಹಾಕಿಸಿ. ಪಟಾಕಿಗೆ ಹೆದರುವ ನಾಯಿಯಾದರೆ ಅದಕ್ಕೆ ಕೊಡುವ ಔಷಧವನ್ನು ನರಕ ಚತುರ್ದಶಿಯ ಹಿಂದಿನ ದಿನ ಕೇಳಲು ಹೋಗಬೇಡಿ. ಎರಡು ಮೂರು ವಾರ ಮೊದಲು ಡಾಕ್ಟರನ್ನು ಕಂಡರೆ ಒಂದು ಸಲ ಕೊಟ್ಟು ನೋಡಿ ಪ್ರಮಾಣ ಸರಿಮಾಡಿಕೊಳ್ಳಲು ಸಮಯ ಸಿಗುತ್ತದೆ. ದಸರಾ ರಜೆಯ ಬೋರ್ಡಿಂಗ್ ಜಾಗ ಗಣೇಶನ ಹಬ್ಬದ ಹೊತ್ತಿಗೇ ಭರ್ತಿಯಾಗುವುದುಂಟು. ಬಸ್ ಟಿಕೆಟ್ ಮಾಡಿಸುವ ದಿನವೇ ಅದನ್ನೂ ಗೊತ್ತು ಮಾಡಿಕೊಳ್ಳಿ.